ಅಪ್‌ಡೇಟ್: ಅಂಗೈಗೆ ಒತ್ತುತ್ತಿದ್ದ ಮಡಚುವ ಚಾಕು

ಹತ್ತು ನಿಮಿಷ ರಟ್ಟು ಕೊಯ್ದರೆ ಜೇಬಿನ ಚಾಕು ಅಂಗೈಯಲ್ಲಿ ಕೆಂಪು ಗೆರೆ ಮೂಡಿಸುತ್ತದೆ ಎಂದು ಹೋದ ವಾರ ಕೇಳಿದ್ದೆ. ಹಿಡಿ ಚಿಕ್ಕದಾಯಿತೇನೋ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ!

ಹಿಡಿಗೆ ಟೇಪ್ ಸುತ್ತಿದ್ದು ಸುಮ್ನೆ ದಂಡ. ಹಿಡಿ ದಪ್ಪವಾಯಿತು, ಅಂಟು ಕೈಗೆ ಮೆತ್ತಿತು, ಗೆರೆ ಮಾತ್ರ ಹಾಗೇ ಇತ್ತು. ಕೆಲಸ ಮಾಡಿದ್ದು "ಕ್ಲಿಪ್ (ಚಾಕುವನ್ನು ಜೇಬಿನ ಅಂಚಿಗೆ ಸಿಕ್ಕಿಸಲು ಹಿಡಿಗೆ ಹಾಕಿರುವ ಪಟ್ಟಿ) ಬಿಚ್ಚಿ ನೋಡಿ" ಎಂದವರ ಸಲಹೆ. ಮೂರು ಪುಟಾಣಿ ಸ್ಕ್ರೂ ತೆಗೆದೆ, ನೋವು ಮಾಯ. ಕ್ಲಿಪ್‌ನ ಮೇಲಕ್ಕೆ ಬಾಗಿದ ತುದಿ ಸರಿಯಾಗಿ ಅಂಗೈ ಮಧ್ಯಕ್ಕೆ ಚುಚ್ಚುತ್ತಿತ್ತು. ಆದರೆ ಕ್ಲಿಪ್ ಇಲ್ಲದೆ ಚಾಕು ಜೇಬಿನ ತಳ ಸೇರುತ್ತದೆ, ಅಲ್ವಾ? ಹಾಗಾಗಿ ಆ ತುದಿಯನ್ನು 400 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ನುಣ್ಣಗೆ ಮಾಡಿ ವಾಪಸ್ ಹಾಕಿದೆ.

ಅಚ್ಚರಿ ಎಂದರೆ, ಅಲಗು ಮೊಂಡಾಗಿದ್ದರಿಂದಲೇ ನಾನು ಅಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ! ಸಾಣೆ ಹಿಡಿದ ಮೇಲೆ ಎರಡು ಬೆರಳಿನ ಒತ್ತಡವೇ ಜಾಸ್ತಿ.