ಷೆವೆಲ್‌ನ ಎಲ್‌ಎಸ್6 ಎಂಜಿನ್ ಅಸಲಿಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಮಿಶಿಗನ್‌ನಲ್ಲಿರುವ ನಾನು 1970ರ ಷೆವ್ರೊಲೆ ಷೆವೆಲ್ ಎಸ್‌ಎಸ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಅದರಲ್ಲಿರುವುದು ಕಾರ್ಖಾನೆಯಲ್ಲೇ ಕೂರಿಸಿದ 454 ಘನ ಅಂಗುಲದ, 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ ಎಂದು ಮಾರುವವರು ಹೇಳುತ್ತಾರೆ. ಇದನ್ನು ಪರೀಕ್ಷಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಆ ವರ್ಷದ ಷೆವೆಲ್‌ನ ವಿಐಎನ್ (ವಾಹನದ ಗುರುತು ಸಂಖ್ಯೆ) ನಿಮಗೆ ನೆರವಾಗುವುದಿಲ್ಲ, ಕಾರಿನದು ಎಂಟು ಸಿಲಿಂಡರ್‌ಗಳ ವಿ8 ಎಂಜಿನ್ ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ವಿ8, ಎಸ್‌ಎಸ್ ಹೌದೋ ಅಲ್ಲವೋ ಎಂಬುದರ ಬಗ್ಗೆ ಬಾಯಿ ಬಿಡುವುದಿಲ್ಲ. (1970ರ ಪ್ಲಿಮತ್ ಬಾರಾಕುಡಾದಲ್ಲಾದರೆ ಐದನೆಯ ಅಕ್ಷರ ‘ಆರ್’ ಇದ್ದರೆ ಅದರಲ್ಲಿರುವುದು ಹೆಮಿ ಎಂಬ ಎಂಜಿನ್, ಅವರ ಪುಣ್ಯ.) ಬ್ಲಾಕ್‌ನ ಮೇಲೆ 3963512 ಎಂದು ಅಚ್ಚಾಗಿರುವುದನ್ನು ತೋರಿಸಿದರೂ ಹಿಗ್ಗಬೇಡಿ, ಏಕೆಂದರೆ 360 ಅಶ್ವಶಕ್ತಿಯ ಎಲ್‌ಎಸ್5ಕ್ಕೂ ಅದೇ ಬ್ಲಾಕ್. ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್‌ನ ಮುಂದಿರುವ ಸಮತಟ್ಟಾದ ಪಟ್ಟಿಯನ್ನು ಓದಿ: ಟೊನವಾಂಡಾ ಕಾರ್ಖಾನೆಯ ‘ಟಿ’, ತಿಂಗಳು, ದಿನ, ನಂತರ ಮ್ಯಾನ್ಯುಯಲ್ ಗೇರ್‌ನ ಎಲ್‌ಎಸ್6ಕ್ಕೆ ‘ಸಿಆರ್‌ವಿ’, ಅಲ್ಲೇ ವಿಐಎನ್‌ನ ಕೊನೆಯ ಅಂಕಿಗಳು ಕಾರಿನದಕ್ಕೆ ತಾಳೆಯಾಗಬೇಕು. ಬ್ಲಾಕ್ ಎರಕ ಹೊಯ್ದ ದಿನ ಮೊದಲು, ಎಂಜಿನ್ ಜೋಡಿಸಿದ ದಿನ ಆಮೇಲೆ, ಕಾರು ತಯಾರಾದ ವಾರ ಕೊನೆಗೆ ಬರಬೇಕು. ನಾನು ನೋಡಲು ಹೋದ ಒಂದು ಕಾರಿನಲ್ಲಿ ಬ್ಲಾಕ್ ಹುಟ್ಟಿದ್ದೇ ಕಾರು ತಯಾರಾದ ಎರಡು ತಿಂಗಳ ನಂತರ.

ಉತ್ತರ 2: ಅಂಕಿಗಳು ಸರಿಯಿದ್ದರೂ ಮೋಸ ಹೋದವನು ನಾನು. ಆ ಪಟ್ಟಿಯ ಬಣ್ಣವನ್ನು ದ್ರಾವಕದಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯಲ್ಲಿ ಮೇಲ್ಮೈಯನ್ನು ಸಮ ಮಾಡುವ ಬ್ರೋಚ್ ಯಂತ್ರ ಉಳಿಸಿದ ಕೂದಲೆಳೆಯಂಥ ನೇರ, ಸಮಾನಾಂತರ ಗೆರೆಗಳು ಅಲ್ಲಿರಬೇಕು. ನನ್ನದರಲ್ಲಿ ಕಮಾನಿನಾಕಾರದ ಗೀರುಗಳಿದ್ದವು, ಅಂದರೆ ಯಾರೋ ಮೇಲ್ಮೈಯನ್ನು ಹೆರೆದು ಹೊಸ ಅಂಕಿ ಒತ್ತಿದ್ದರು. ಇದು ಕೊಂಡು ಒಂದು ವರ್ಷವಾದ ಮೇಲೆ ಕಣ್ಣಿಗೆ ಬಿತ್ತು.

ಉತ್ತರ 3: ಕಬ್ಬಿಣ ಅಷ್ಟು ಹೇಳಿದರೆ ಉಳಿದದ್ದನ್ನು ಕಾಗದ ಹೇಳಬೇಕು. ಪಾಂಟಿಯಾಕ್‌ಗೆ ಪಿಎಚ್‌ಎಸ್ ಸಂಸ್ಥೆಯ ದಾಖಲೆ, ಫೋರ್ಡ್‌ಗೆ ಮಾರ್ಟಿ ವರದಿ ಇರುವಂತೆ ಅಮೆರಿಕದಲ್ಲಿ ಮಾರಾಟವಾದ ಷೆವೆಲ್‌ಗಳಿಗೆ ಕಾರ್ಖಾನೆಯ ದಾಖಲೆ ತೆಗೆಸಲು ಬರುವುದಿಲ್ಲ. ಕೆನಡಾದಲ್ಲಿ ಮಾರಾಟವಾದ ಕಾರಾದರೆ ಅಲ್ಲಿನ ಜಿಎಂನಿಂದ (ಷೆವ್ರೊಲೆಯ ಮಾತೃ ಸಂಸ್ಥೆ) ಸಿಗುತ್ತದೆ. ಆದ್ದರಿಂದ ಬಿಲ್ಡ್ ಶೀಟ್ (ಕಾರಿಗೆ ಏನೇನು ಜೋಡಿಸಬೇಕೆಂಬ ಕಾರ್ಖಾನೆಯ ಪಟ್ಟಿ) ಮತ್ತು ವಾರಂಟಿ ಪುಸ್ತಿಕೆಗೆ ಅಂಟಿಸಿದ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಲೋಹದ ತಗಡನ್ನು ಕೇಳಿ. ಬಿಲ್ಡ್ ಶೀಟ್ ಬಹುಮಟ್ಟಿಗೆ ಪೆಟ್ರೋಲ್ ಟ್ಯಾಂಕ್‌ನ ನೆತ್ತಿಯ ಮೇಲೆ ಅಥವಾ ಸೀಟಿನ ಸ್ಪ್ರಿಂಗ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ; ಸ್ಪ್ರಿಂಗ್‌ನ ತುಕ್ಕು ಹತ್ತಿ ಅಂಚು ಪುಡಿಯಾದ ಹಾಳೆಯನ್ನು ನಾನು ನಂಬುತ್ತೇನೆ, ಚಹಾದಲ್ಲಿ ಅದ್ದಿದಂತೆ ಎಲ್ಲೆಡೆ ಒಂದೇ ಸಮ ಕಂದಾದ ಹಾಳೆಯನ್ನಲ್ಲ. ಟ್ಯಾಂಕ್ ಇಳಿಸಿ ನೋಡಲು ಮಾರುವವರು ಒಪ್ಪದಿದ್ದರೆ ಸಾಮಾನ್ಯ ಷೆವೆಲ್‌ನ ಬೆಲೆಯನ್ನಷ್ಟೇ ಹೇಳಿ.