ಸಮಸ್ಯಾಪೂರಣ: ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ

ಸಮಸ್ಯೆ ಕೊಟ್ಟವರು:

ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ ಕಂದಪದ್ಯದ ನಾಲ್ಕನೆಯ ಪಾದ, ಉಳಿದ ಮೂರು ಪಾದ ಕಟ್ಟಿ ಪದ್ಯ ಪೂರೈಸುವುದು ನಿಮ್ಮ ಕೆಲಸ:

ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ

ಅಮೃತ ಕುಡಿಯದವನೇ ಸಾವು ಕಾಣದೆ ಬಾಳಿದ ಎಂಬುದು ಮೇಲರ್ಥ. ಇದು ಹೊಳೆದದ್ದು ಮೊನ್ನೆ, ತಂಗಿಯ ಮೊಮ್ಮಗನ ವರ್ಧಂತಿಯ ದಿನ. ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಅರ್ಧ ಬೊಗಸೆ ಕುಡಿಸಿ, ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಏಳು ಚಿರಂಜೀವಿಗಳ ಹೆಸರು ಹೇಳಿ, ಎಂಟನೆಯವನಾಗಿ ಮಾರ್ಕಂಡೇಯನನ್ನು ನೆನೆದೆವು. ಹೇಳುತ್ತಿದ್ದಂತೆಯೇ ಮನಸ್ಸಿಗೆ ನಾಟಿತು: ಪಾಲ್ಗಡಲು ಕಡೆದು ತೆಗೆದ ಅಮೃತ ಈ ಎಂಟು ಜನರಲ್ಲಿ ಒಬ್ಬನ ನಾಲಗೆಗೂ ತಾಗಿಲ್ಲ! ಹಾಗಾದರೆ ಇವರ ಆಯುಸ್ಸು ಎಲ್ಲಿಂದ ಬಂತು? ಪೂರಣದಲ್ಲಿ ಅದಕ್ಕೆ ಉತ್ತರ ಬೇಕು.

ಹೊಸಬರಿಗಾಗಿ ಲಕ್ಷಣ: ಒಂದು, ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡು, ನಾಲ್ಕನೆಯ ಪಾದಗಳಲ್ಲಿ ಐದು ಗಣ. ಎರಡು ಪಾದ ಸೇರಿದ ಪದ್ಯಾರ್ಧದಲ್ಲಿ ಎಂಟು ಗಣ, ಅವುಗಳ ಬೆಸಗಣಗಳಲ್ಲಿ (1, 3, 5, 7) ಜಗಣ, ಅಂದರೆ ಲಘು ಗುರು ಲಘು, ಬರಬಾರದು. ಆರನೆಯದು ಜಗಣವೋ ಸರ್ವಲಘುವೋ (ನಾಲ್ಕೂ ಲಘು) ಆಗಲೇಬೇಕು. ಅರ್ಧದ ಕೊನೆಗೆ ಗುರು. ಆದಿಪ್ರಾಸ (ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ) ‘ಧ’, ಅದರ ಹಿಂದಿನ ಅಕ್ಷರ ಲಘು.

ಶಿರಸಿಯ ಅಕ್ಕ:

ಏಳು ಜನರ ಪಟ್ಟಿಗೆ ಹೋಗುವ ಮೊದಲೇ ನನಗೆ ಗರುಡ ಬಂದುಬಿಟ್ಟ.

ವಧೆಗಳುಕದೆ ವಜ್ರಿಯಿನಾ
ಮಧುಕುಂಭಂ ತಂದು ತಾಯ ಸೆರೆಬಿಡಿಸಿದವಂ |
ಅಧಿಪಂ ಹರಿಯಿತ್ತ ವರದೆ
ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ ||

ಆದಿಪರ್ವದ ಕಥೆ. ಹಾವುಗಳ ತಾಯಿ ಕದ್ರುವಿಗೆ ದಾಸಿಯಾದ ವಿನತೆಯನ್ನು ಬಿಡಿಸಲು ಮಗ ಗರುಡ ಅಮೃತ ತರಬೇಕು. ತಂದ. ದಾರಿಯುದ್ದಕ್ಕೂ ಕೊಡ ಅವನ ಬಳಿಯೇ ಇತ್ತು, ಒಂದು ಹನಿಯನ್ನೂ ಮುಟ್ಟಲಿಲ್ಲ. ಅದನ್ನು ಕಂಡು ಮೆಚ್ಚಿದ ವಿಷ್ಣುವಿನ ಹತ್ತಿರ ಅವನು ಕೇಳಿದ್ದು ಏನು ಗೊತ್ತೇ? ಅಮೃತವಿಲ್ಲದೆಯೇ ನಾನು ಮುಪ್ಪು, ಸಾವು ಇಲ್ಲದವನಾಗಬೇಕು ಎಂದು. ಮೇಷ್ಟ್ರೇ, ನಿಮ್ಮ ಸಮಸ್ಯೆಯ ಸಾಲು ಆ ಹಕ್ಕಿಯ ಬಾಯಿಂದಲೇ ಬಂದ ಹಾಗಿದೆ. ಇಂದ್ರ ವಜ್ರದಿಂದ ಹೊಡೆದಾಗ ಅದಕ್ಕೆ ಮೂಳೆ ಕೊಟ್ಟ ಋಷಿ ದಧೀಚಿಗೆ ಮರ್ಯಾದೆ ಕೊಡಬೇಕೆಂದು ಒಂದೇ ಒಂದು ಗರಿ ಉದುರಿಸಿದನಲ್ಲ, ಅದನ್ನೂ ತರಬೇಕೆಂದಿದ್ದೆ. ಹನ್ನೆರಡು ಮಾತ್ರೆಯಲ್ಲಿ ಹಿಡಿಸಲಿಲ್ಲ. ಕುಡಿಯಲು ಕಾದಿದ್ದ ಹಾವುಗಳಿಗೆ ಕೊನೆಗೆ ಸಿಕ್ಕಿದ್ದು ದರ್ಭೆ ನೆಕ್ಕಿ ಸೀಳಿದ ನಾಲಗೆ.

ಹಾಸನದ ರಾಯರು:

ಅಕ್ಕಾ, ‘ತಾಯ ಸೆರೆಬಿಡಿಸಿದವಂ’ ಎಂಬಲ್ಲಿ ಪದ್ಯ ನಿಂತಿದೆ. ವರಕ್ಕೆ ಕಾರಣ ಅದೇ. ನನ್ನದು ವಿಭೀಷಣ:

ವಿಧಿ ಬಂದೀವೆಂ ವರಮೆನೆ
ನಿಧಿಯಂ ರಾಜ್ಯಮನೆ ಬೇಡದರಮಂ ಕೇಳ್ದಂ |
ವಧೆಯಾದಂ ಬೇಡಿದವಂ
ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ ||

‘ಅರ’ ಅಂದರೆ ಧರ್ಮ, ಹಳಗನ್ನಡದ ಮಾತು. ಉತ್ತರಕಾಂಡದಲ್ಲಿ ಅಣ್ಣತಮ್ಮಂದಿರು ಮೂವರೂ ತಪಸ್ಸು ಮಾಡುತ್ತಾರೆ. ರಾವಣ ಮೊದಲು ಅಮರತ್ವವನ್ನೇ ಕೇಳಿದ, ಬ್ರಹ್ಮ ಕೊಡಲಿಲ್ಲ. ದೇವ, ದಾನವ, ಯಕ್ಷರಿಂದ ಸಾವು ಬೇಡ ಎಂದ. ಮನುಷ್ಯರನ್ನು ಹುಲ್ಲಿಗೆ ಸಮ ಎಂದು ಬಿಟ್ಟ, ಆ ಹುಲ್ಲಿನಿಂದಲೇ ಸತ್ತ. ಕುಂಭಕರ್ಣನಿಗೆ ನಿದ್ದೆ ಸಿಕ್ಕಿತು. ವಿಭೀಷಣ ಕೇಳಿದ್ದು, ಎಂಥ ಕಷ್ಟದಲ್ಲೂ ನನ್ನ ಬುದ್ಧಿ ಧರ್ಮದಲ್ಲಿರಲಿ ಎಂದು ಮಾತ್ರ. ಬ್ರಹ್ಮ ಅದನ್ನೂ ಕೊಟ್ಟು, ಕೇಳದಿದ್ದ ಅಮರತ್ವವನ್ನೂ ಕೊಟ್ಟ.

ಸಮಸ್ಯೆ ಕೊಟ್ಟವರು:

ರಾಯರೇ, ‘ವಧೆಯಾದಂ ಬೇಡಿದವಂ’ ಎಂದು ಹೆಸರು ಹೇಳದೆ ರಾವಣನನ್ನು ಮುಗಿಸಿದ್ದೀರಿ. ಮೂರನೆಯ ಪಾದಕ್ಕೂ ನಾಲ್ಕನೆಯದಕ್ಕೂ ನಡುವೆ ‘ಆದರೆ’ ಇಲ್ಲ, ‘ಎಂದರೆ’ ಇಲ್ಲ. ಎರಡು ಸಾಲು ಎದುರುಬದುರು ನಿಂತಿವೆ. ಸಮಸ್ಯೆಯ ಪಾದ ಮೊದಲಿನಿಂದಲೂ ಆ ಪದ್ಯದ್ದೇ ಎನಿಸಬೇಕು, ಇಲ್ಲಿ ಹಾಗೆನಿಸಿತು. ಒಂದು ಸಣ್ಣ ಮಾತು: ‘ರಾಜ್ಯಮನೆ’ ಎಂಬಲ್ಲಿನ ‘ಎ’ ಗಣಕ್ಕಾಗಿ ಬಂದಿದೆ, ಅರ್ಥಕ್ಕಾಗಿ ಅಲ್ಲ.

ಹೊಸ ಸದಸ್ಯ:

ಮೇಷ್ಟ್ರೇ, ನಾನು ಕಂದ ಕಲಿಯಲು ಶುರುಮಾಡಿ 2 ತಿಂಗಳು. ಮಾರ್ಕಂಡೇಯನ ಮೇಲೆ ಬರೆದಿದ್ದೇನೆ. ಮಾತ್ರೆ ಮೂರು ಸಲ ಎಣಿಸಿದೆ, ಸರಿಯಾಗಿದೆ. ಓದಿದರೆ ಎರಡನೆಯ ಸಾಲು ಮಾತ್ರ ಎಡವುತ್ತದೆ, ಯಾಕೆಂದು ತಿಳಿಯುತ್ತಿಲ್ಲ.

ವಿಧಿ ಬರೆದುದು ಪದಿನಾರೇ
ವಧೆಗೆನೆ ಜವನೈತರೆ ಲಿಂಗಮನಂದಪ್ಪಲ್ |
ವಿಧುಧರನೇ ಪೊಣ್ಮಿ ಪೊರೆಯೆ
ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ ||

ಸಮಸ್ಯೆ ಕೊಟ್ಟವರು:

ತಮ್ಮಾ, ನಿನ್ನ ಕಿವಿ ಸರಿಯಾಗಿಯೇ ಇದೆ. ಎಡವಿದ್ದು ತಿಳಿಯಿತಲ್ಲ, ಅರ್ಧ ಕಲಿತ ಹಾಗೆ. ಬಿಡಿಸಿ ನೋಡು: ವಧೆಗೆನೆ | ಜವನೈ | ತರೆ ಲಿಂ | ಗಮನಂ | ದಪ್ಪಲ್. ಐದೂ ಗಣಗಳು ನಾಲ್ಕು ನಾಲ್ಕೇ, ಒಟ್ಟು 20. ಆದರೆ ಮೊದಲ ಪಾದದ ಮೂರನ್ನು ಸೇರಿಸಿ ಎಣಿಸಿದರೆ ‘ತರೆ ಲಿಂ’ ಆರನೆಯ ಗಣ. ಅದು ಲಘು ಲಘು ಗುರು. ಅಲ್ಲಿ ಲಘು ಗುರು ಲಘುವೋ ನಾಲ್ಕೂ ಲಘುವೋ ಬೇಕು. ಕಂದದ ನಡೆ ಅಷ್ಟು ಹೊತ್ತು ಸಮನಾಗಿ ಹೆಜ್ಜೆ ಹಾಕಿ, ಆರನೆಯದರಲ್ಲಿ ಒಂದು ಸಲ ತೂಗಿ, ಮತ್ತೆ ನೆಲಕ್ಕೆ ಬರುತ್ತದೆ. ಆ ತೂಗು ತಪ್ಪಿದರೆ ಮಾತ್ರೆ ಸರಿಯಿದ್ದರೂ ಕಂದ ಆಗದು. ಹೀಗೆ ತಿದ್ದಬಹುದು:

ವಧೆಗೆನೆ ಬರೆ ಜವನೆ ಲಿಂಗಮಂ ತಳ್ಕೈಸಲ್

ಈಗ ‘ನೆ ಲಿಂಗ’ ಜಗಣ. ಗಟ್ಟಿಯಾಗಿ ಓದಿ ನೋಡು. ‘ಜವನೆ’ ಎಂಬಲ್ಲಿ ಯಮ ತಾನೇ ಬಂದ ಎಂಬ ಒತ್ತೂ ಸಿಕ್ಕಿತು. ‘ಪದಿನಾರೇ’ ಎಂದು ಮೊದಲ ಸಾಲಿನಲ್ಲೇ ಆಯುಸ್ಸನ್ನು ಕತ್ತರಿಸಿ ಇಟ್ಟಿದ್ದು ಚೆನ್ನಾಗಿದೆ, ಅದನ್ನು ಮುಟ್ಟಬೇಡ.

ಪುತ್ತೂರಿನವರು:

ನನಗೆ ಕಂದಕ್ಕಿಂತ ಭಾಮಿನಿ ಷಟ್ಪದಿ ಹತ್ತಿರ. ಯಕ್ಷಗಾನ ಕೇಳಿ ಬೆಳೆದ ಕಿವಿ. ಸಮಸ್ಯೆಯ ಪಾದ ಬಿಟ್ಟು, ಅದರ ಅರ್ಥವನ್ನಷ್ಟೇ ಇಟ್ಟುಕೊಂಡು ಬಲಿಯ ಮೇಲೆ ಬರೆದಿದ್ದೇನೆ. ನಿಯಮಕ್ಕೆ ಹೊರಗಾದರೆ ಕ್ಷಮಿಸಿ.

ಬಲಿಯ ಮುಡಿಯಲಿ ವಟುವಿನಡಿಯಿರೆ
ನೆಲದ ಕೆಳಗಣ ಸುತಲ ದೊರಕಿತು
ಬಲಿದ ಬಾಗಿಲ ಕಾಯ್ವ ಹರಿಯೇ ನಿಂತನಾಳಂತೆ |
ಒಲಿದು ವರುಷಕೆ ಬರುವನೊಂದಿನ
ಹೊಲದ ಬದುವಲಿ ದೀಪವುರಿದಿರೆ
ನಲಿದು ಕೂಗುವ ಮಂದಿಯೊಲವಿಗೆ ಸಾವ ಮರೆತಿಹನು ||

ನಮ್ಮ ಕಡೆ ದೀಪಾವಳಿಯ ಪಾಡ್ಯದ ಸಂಜೆ ಗದ್ದೆಗೆ ದೀಪ ಒಯ್ದು ಬಲಿಯೇಂದ್ರನನ್ನು ‘ಕೂ’ ಎಂದು ಕರೆಯುತ್ತೇವೆ. ತುಳುವಿನ ಆ ಕರೆಯಲ್ಲಿ ಅವನು ಪೂರ್ತಿಯಾಗಿ ಮರಳುವ ಕಾಲವನ್ನೂ ಹೇಳುತ್ತಾರೆ: ಕರಿಗಲ್ಲು ಕಾಯಿ ಬಿಟ್ಟಾಗ, ಬೆಣಚುಕಲ್ಲು ಹೂ ಬಿಟ್ಟಾಗ, ಉದ್ದಿನಕಾಳು ಮದ್ದಳೆಯಾದಾಗ. ಚಿಕ್ಕವನಿದ್ದಾಗ ಅಜ್ಜನ ಪಕ್ಕ ನಿಂತು ಕೂಗುತ್ತಿದ್ದೆ. ಕತ್ತಲಲ್ಲಿ ಆಚೆ ಗದ್ದೆಯಿಂದಲೂ ಕೂಗು ಕೇಳಿಸುತ್ತಿತ್ತು, ಅದರಾಚೆಯಿಂದ ಇನ್ನೊಂದು. ಮೂರು ಲೋಕ ಆಳಿದವನಿಗೆ ವರ್ಷಕ್ಕೆ ಒಂದೇ ಸಂಜೆ. ನನಗೆ ಈಗಲೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಶಿರಸಿಯ ಅಕ್ಕ:

ನಿಯಮದ ಹೊರಗೆ ಹೌದು, ಆದರೆ ತೆಗೆಯಬೇಡಿ ಮೇಷ್ಟ್ರೇ. ‘ಸಾವ ಮರೆತಿಹನು’ ಎಂಬ ಮಾತು ನಮ್ಮ ‘ಸಾವನರಿಯದೆ’ಗಿಂತ ಆಳಕ್ಕೆ ಹೋಯಿತು.

ಸಮಸ್ಯೆ ಕೊಟ್ಟವರು:

ತೆಗೆಯುವ ಮಾತೇ ಇಲ್ಲ.

ಧಾರವಾಡದ ಕಾಕಾ:

ಎಲ್ಲಾರೂ ವರದ ಮಾತು ಬರದ್ರಿ, ಛಲೋ ಆತು. ಶಾಪದಿಂದ ಉಳದಾಂವ ಒಬ್ಬ ಇದ್ದಾನಲ್ರಿ, ಅವನ್ನ ಯಾರೂ ಕರೀಲಿಲ್ಲ. ನಾ ಕರೀತೀನಿ.

ಕ್ಷುಧೆಯಂ ಪಿಂಗಿಪ ಮಣಿಯಂ
ವಿಧಿವಶದಿಂದಿತ್ತು ಪುಣ್ಣ ಪಣೆಯಿಂದಲೆದಂ |
ಬಧಿರಂ ಲೋಕಂ ಕೂಗಲ್
ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ ||

ಅಶ್ವತ್ಥಾಮನ ತಲ್ಯಾಗಿನ ಮಣಿ ಅಂದ್ರ ಸಾದಾ ಒಡವಿ ಅಲ್ರಿ. ಅದನ್ನ ಕಟ್ಟಿಕೊಂಡಾಂವಗ ಆಯುಧದ ಭಯಾ ಇಲ್ಲ, ರೋಗದ ಭಯಾ ಇಲ್ಲ, ಹಸಿವಿನ ಭಯಾ ಇಲ್ಲ. ದೇವರು, ದಾನವರು, ನಾಗರು ಯಾರದೂ ಭಯಾ ಇಲ್ಲ. ಅಂಥಾದ್ದನ್ನ ಕಿತ್ತುಕೊಂಡ್ರು, ಆಯುಷ್ಯ ಮಾತ್ರ ಬಿಟ್ರು. ಶಕ್ತಿ ಹೋತು, ಸಾವು ಬರಲಿಲ್ಲ. ಮಲಗಿದ ಮಕ್ಕಳನ್ನ ಕೊಂದಾಂವ, ಗರ್ಭದಾಗಿನ ಕೂಸಿನ ಮ್ಯಾಲೆ ಅಸ್ತ್ರ ಬಿಟ್ಟಾಂವ. ಅವನ ಪರ ಮಾತಾಡೂದಿಲ್ಲ ನಾ. ಆದ್ರ ಮಾತಾಡಸವರೂ ಇಲ್ಲದ ಆ ತಿರುಗಾಟ ನೆನಸಿಕೊಂಡ್ರ ಎದಿ ನಡಗತದ.

ಸಮಸ್ಯೆ ಕೊಟ್ಟವರು:

ಕಾಕಾ, ಪದ್ಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಕೊಟ್ಟ ಪಾದದಲ್ಲಿ ಒಂದಕ್ಷರ ಬದಲಾಗಿಲ್ಲ, ಅರ್ಥ ಪೂರ್ತಿ ತಿರುಗಿದೆ. ‘ಸಾವನರಿಯದೆ’ ಎಂದರೆ ಗರುಡನಲ್ಲಿ ಸಾವಿನ ಭಯವೇ ಇಲ್ಲದೆ. ಇಲ್ಲಿ, ಸಾವೆಂಬ ಬಿಡುಗಡೆ ಸಿಗದೆ. ಸಮಸ್ಯೆ ಕೊಟ್ಟವನಿಗೆ ತನ್ನ ಸಾಲಿನಲ್ಲಿ ಹೀಗೂ ಒಂದು ಬಾಗಿಲಿದೆ ಎಂದು ತೋರಿಸುವವರು ಸಿಗುವುದು ದೊಡ್ಡ ಸಂತೋಷ. ‘ವಿಧಿವಶದಿಂದ’ ಎಂಬುದಷ್ಟೇ ನನಗೆ ಒಪ್ಪಿಗೆಯಾಗಲಿಲ್ಲ. ಮಣಿ ಹೋದದ್ದು ವಿಧಿಯಿಂದಲ್ಲ, ಅವನು ಮಾಡಿದ್ದರಿಂದ.

ಹಾಸನದ ರಾಯರು:

ಕಾಕಾ ಅವರಿಗೆ ಒಂದು ಸಮಾಧಾನದ ಮಾತು. ಸೌಪ್ತಿಕಪರ್ವದಲ್ಲಿ ಕೃಷ್ಣ ಶಪಿಸುವುದು 3000 ವರ್ಷದ ಅಲೆದಾಟವನ್ನು, ಅದಕ್ಕೆ ಒಂದು ಕೊನೆ ಇದೆ. ಇನ್ನು ವಿಷ್ಣುಪುರಾಣ ಮುಂದಿನ ಮನ್ವಂತರದ (ಒಬ್ಬ ಮನುವಿನ ಆಳ್ವಿಕೆಯ ಕಾಲದ) ಸಪ್ತರ್ಷಿಗಳ ಹೆಸರು ಹೇಳುವಾಗ ಪರಶುರಾಮ, ಕೃಪ, ವ್ಯಾಸರ ಜೊತೆಗೆ ಅದೇ ಅಶ್ವತ್ಥಾಮನನ್ನು ಕೂರಿಸುತ್ತದೆ. ಈಗ ನಡೆಯುತ್ತಿರುವುದು ಏಳನೆಯದಾದ ವೈವಸ್ವತ ಮನ್ವಂತರ. ಎಂಟನೆಯದಾದ ಸಾವರ್ಣಿಯಲ್ಲಿ ಇಂದ್ರ ಯಾರು? ಪುತ್ತೂರಿನವರು ಕೂಗಿ ಕರೆದ ಬಲಿ! ಏಳು ಚಿರಂಜೀವಿಗಳಲ್ಲಿ ಐದು ಜನ ಇನ್ನೂ ಬಾರದ ಕಾಲದ ಕೆಲಸಕ್ಕಾಗಿ ಕಾದಿದ್ದಾರೆ ಎಂದಾಯಿತು.

ಧಾರವಾಡದ ಕಾಕಾ:

3000 ವರ್ಷದ ಮಾತು ಗೊತ್ತಿತ್ರಿ. ಸಪ್ತರ್ಷಿ ಮಾತು ಗೊತ್ತಿದ್ದಿಲ್ಲ. ಹಂಗಾದ್ರ ಆ ಹುಣ್ಣು ಒಂದಿನ ಮಾಯತದ. ಭಾಳ ಉಪಕಾರ ಆತು. ‘ವಿಧಿವಶ’ ತಿದ್ದತೀನಿ ಮೇಷ್ಟ್ರ.

ಹಾಸನದ ರಾಯರು:

ಹನುಮಂತನನ್ನು ಬಿಟ್ಟು ಮುಗಿಸಬಾರದು.

ನಿಧಿಯೆನೆ ರಾಮಕಥಾರಸ
ಮಧುವಂ ಕಿವಿಯಿಂದೆ ಪೀರ್ದು ತಣಿದಂ ಹನುಮಂ |
ಬುಧರೋದುವನ್ನೆಗಂ ತಾಂ
ಸುಧೆಯಂ ಕುಡಿಯದನೆ ಸಾವನರಿಯದೆ ಬಾಳ್ದಂ ||

ಮಗುವಾಗಿದ್ದಾಗಲೇ ಅವನಿಗೆ ವರಗಳ ಮಳೆಯಾಗಿತ್ತು. ವಜ್ರದ ಏಟಿಗೆ ದವಡೆ ಮುರಿದು ಬಿದ್ದಾಗ ವಾಯು ಮುನಿದು ಲೋಕದ ಉಸಿರನ್ನೇ ಹಿಡಿದ. ಆಗ ಇಂದ್ರ ತನ್ನ ವಜ್ರದಿಂದ ಅವನಿಗೆ ಸಾವಿಲ್ಲ ಎಂದ, ವರುಣ ನೀರಿನಿಂದ ಇಲ್ಲ ಎಂದ, ಯಮ ತನ್ನ ದಂಡದಿಂದ ಇಲ್ಲ ಎಂದ, ಸೂರ್ಯ ತನ್ನ ತೇಜಸ್ಸಿನ ನೂರರಲ್ಲಿ ಒಂದು ಪಾಲು ಕೊಟ್ಟ. ಆದರೂ ನಾನು ಹಿಡಿದದ್ದು ರಾಮನ ಮಾತನ್ನು: ಲೋಕದಲ್ಲಿ ನನ್ನ ಕಥೆ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ನೀನಿರು. ಅವನ ಆಯುಸ್ಸು ಓದುವವರ ಬಾಯಲ್ಲಿದೆ.

ಹೊಸ ಸದಸ್ಯ:

ಮೇಷ್ಟ್ರೇ, ಒಂದು ಸಂದೇಹ. ಕುಡಿಯದವರೆಲ್ಲ ಬಾಳಿದರು, ಸರಿ. ಕುಡಿದವರ ಗತಿ?

ಸಮಸ್ಯೆ ಕೊಟ್ಟವರು:

ದೇವತೆಗಳು ಕುಡಿದರು. ಆದರೆ ಇಂದ್ರನ ಪದವಿ ಒಂದು ಮನ್ವಂತರದ್ದು, 71 ಚತುರ್ಯುಗ. ನಮ್ಮ ಲೆಕ್ಕಕ್ಕೆ 30 ಕೋಟಿ 67 ಲಕ್ಷ 20 ಸಾವಿರ ವರ್ಷ. ಅಮೃತತ್ವ ಎಂದರೆ ಪ್ರಳಯದವರೆಗೆ ನಿಲ್ಲುವುದು, ಅಷ್ಟೇ ಎಂದು ವಿಷ್ಣುಪುರಾಣವೇ ಬಿಡಿಸಿ ಹೇಳುತ್ತದೆ. ಕುಡಿದವರಲ್ಲಿ ಇನ್ನೊಬ್ಬನಿದ್ದಾನೆ, ದೇವತೆಗಳ ಸಾಲಿನಲ್ಲಿ ವೇಷ ಮರೆಸಿ ಕೂತ ರಾಹು. ಸೂರ್ಯಚಂದ್ರರು ಗುರುತು ಹಿಡಿದು ಹೇಳಿದರು. ಅಮೃತ ಗಂಟಲಿಗೆ ಇಳಿದಿತ್ತು, ಅಷ್ಟರಲ್ಲಿ ಚಕ್ರ ಬಂತು. ತಾಗಿದ ತಲೆ ಉಳಿಯಿತು, ತಾಗದ ಮುಂಡ ಬಿತ್ತು. ನೀನು ಕೇಳಿದ್ದೇ ಮುಂದಿನ ವಾರದ ಸಮಸ್ಯೆಯಾಗಲಿ. ಮತ್ತೆ ಕಂದದ ನಾಲ್ಕನೆಯ ಪಾದ:

ತಲೆಗುಂಟುಸಿರೊಡಲಿಗಿಲ್ಲಮೇಂ ಸೋಜಿಗಮೋ

ರಾಹುವನ್ನೇ ಹಿಡಿಯಬೇಕೆಂದಿಲ್ಲ. ಬೇರೆ ದಾರಿ ಕಂಡರೆ ಇನ್ನೂ ಸಂತೋಷ.

ಹೊಸ ಸದಸ್ಯ:

ಪ್ರಾಸ ‘ಲ’, ಮೊದಲಕ್ಷರ ಲಘು. ಆರನೆಯ ಗಣ ‘ಲಿಗಿಲ್ಲ’, ಜಗಣ. ಈ ಸಲ ಬಿಡಿಸಿಕೊಂಡೇ ಬರೆಯುತ್ತೇನೆ ಮೇಷ್ಟ್ರೇ.