‘ಶುಗರ್ ಇಳಿದಿದೆ’ ಅಂದರೆ ಖುಷಿಪಡಬೇಕಾ, ಹೆದರಬೇಕಾ?

ಗೆಳೆಯರೇ,

ಶುಗರ್ ಬೇಕಾದ್ದಕ್ಕಿಂತ ಕೆಳಗೆ ಜಾರುವುದಕ್ಕೆ ಒಂದು ಪದ ಬೇಕಿತ್ತು. ಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಇನ್ಸುಲಿನ್ ಅವರೇ ಚುಚ್ಚಿಕೊಳ್ಳುತ್ತಾರೆ. ಈಗ ತೋಳಿನ ಹಿಂದೆ ಶುಗರ್ ಅಳೆಯುವ ಸೆನ್ಸರ್ ಅಂಟಿಸಿಕೊಂಡಿದ್ದಾರೆ, 14 ದಿನಕ್ಕೊಮ್ಮೆ ಬದಲಾಯಿಸುವಂಥದ್ದು. ಫೋನಿನಲ್ಲಿ ಅಂಕಿ ಬರುತ್ತದೆ, ಪಕ್ಕದಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ. ಹಾಸನದಲ್ಲಿ ಕೂತು ನಾನೂ ನೋಡಬಹುದು, ಅಲ್ಲಿ ನೆಟ್‌ವರ್ಕ್ ಇದ್ದರೆ!

ಮೊನ್ನೆ ಸಂಜೆ ಫೋನ್ ಮಾಡಿ, ‘ಅಮ್ಮ, ಶುಗರ್ ಇಳೀತಾ ಇದೆ’ ಅಂದೆ. ‘ಒಳ್ಳೇದೇ ಆಯ್ತಲ್ಲ’ ಅಂದರು. ಅಂಕಿ 74, ಬಾಣ ನೆಟ್ಟಗೆ ಕೆಳಕ್ಕೆ. 70ರ ಕೆಳಗೆ ಹೋದರೆ ಲೋ, 54ರ ಕೆಳಗೆ ಹೋದರೆ ಅಪಾಯ ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರಿಗೆ ಕೈ ನಡುಕ, ಬೆವರು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದರು. ಕುಡಿದ ಮೇಲೂ ಸ್ವಲ್ಪ ಹೊತ್ತು ಬಾಣ ಮೇಲೇಳಲಿಲ್ಲ. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ನೀರನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿದಾಗ 92.

ತಪ್ಪು ಅಮ್ಮನದಲ್ಲ, ನಾನು ಆರಿಸಿದ ಮಾತಿನದು. ಜ್ವರ ಇಳೀತು, ಬಾವು ಇಳೀತು, ಸಿಟ್ಟು ಇಳೀತು. ಮೈಯಲ್ಲಿ ಏನು ಇಳಿದರೂ ನಮಗೆ ನೆಮ್ಮದಿ. ಡಾಕ್ಟರೂ ಇಷ್ಟು ವರ್ಷ ‘ಇಳಿಸಿ, ಇಳಿಸಿ’ ಅಂತಲೇ ಹೇಳಿದ್ದಾರೆ. ‘ಕಡಿಮೆ ಆಗಿದೆ’, ‘ತಗ್ಗಿದೆ’ ಅಂದರೂ ಅದೇ ಕತೆ. ನೋವು ಕಡಿಮೆ ಆಗುತ್ತೆ, ಜ್ವರ ತಗ್ಗುತ್ತೆ.

‘ಕುಸಿ’ ಆಗಬಹುದಾ? ಪೇಪರಿನವರು ಚಿನ್ನದ ಬೆಲೆ ‘ಇಳಿಕೆ’ ಅನ್ನುತ್ತಾರೆ, ಅಡಿಕೆ ಧಾರಣೆ ‘ಕುಸಿತ’ ಅನ್ನುತ್ತಾರೆ. ಕೊಳ್ಳುವವನಿಗೆ ಒಂದು ಮಾತು, ಬೆಳೆದವನಿಗೆ ಇನ್ನೊಂದು. ಅಡಿಕೆ ಬೆಳೆಯುವ ಅಮ್ಮನಿಗೆ ಇದು ತಕ್ಷಣ ತಟ್ಟುತ್ತದೆ. ಆದರೆ ‘ಕುಸಿತ’ ಅಂದ ಕೂಡಲೇ ಮನುಷ್ಯರೇ ಕುಸಿದು ಬಿದ್ದ ಹಾಗೆ ಕೇಳುತ್ತದೆ. ಪಕ್ಕದ ಮನೆಯವರಿಗೆ ಫೋನಲ್ಲಿ ಹಾಗಂದರೆ ಆಂಬುಲೆನ್ಸೇ ಬಂದೀತು.

ಇನ್ನೊಂದು, ನಮ್ಮ ಕಡೆ ಮಳೆಗಾಲದಲ್ಲಿ ಧರೆ, ಅಂದರೆ ಗುಡ್ಡದ ಬದಿಯ ಮಣ್ಣು, ‘ಜರಿಯುತ್ತದೆ’, ಜಾರಿ ಕೆಳಗಿಳಿಯುತ್ತದೆ. ಜರಿದು ಮುಗಿದಿಲ್ಲ, ಜರಿಯುತ್ತಾ ಇದೆ, ಬೇಗ ಏನಾದರೂ ಮಾಡು ಅನ್ನೋ ಭಾವ ಅದರಲ್ಲಿದೆ. ನನಗೆ ಇದೇ ಇಷ್ಟ. ಹಾಸನದವಳಾದ ನನ್ನ ಹೆಂಡತಿ ಮಾತ್ರ, ‘ಶುಗರ್ ಯಾರನ್ನ ಜರೀತು? ನಿಮ್ಮನ್ನೇ ಇರಬೇಕು’ ಅಂತ ನಕ್ಕಳು. ಅವಳಿಗೆ ಜರಿಯೋದು ಅಂದರೆ ಬೈಯೋದು, ಇಲ್ಲಾಂದ್ರೆ ಸೀರೆಯ ಜರಿ.

ನಿಜ ಹೇಳಬೇಕಂದ್ರೆ ಒಂದು ಪದ ಸಾಲದು. 75 ಇದ್ದು ಬಾಣ ಅಡ್ಡಕ್ಕಿದ್ದರೆ ಅಷ್ಟು ಗಾಬರಿ ಬೇಡ. 110 ಇದ್ದು ಬಾಣ ನೆಟ್ಟಗೆ ಕೆಳಕ್ಕಿದ್ದರೆ ಕಣ್ಣಿಡಬೇಕು. ಎಲ್ಲಿದೆ ಅನ್ನೋದಕ್ಕೊಂದು, ಎತ್ತ ಹೊರಟಿದೆ ಅನ್ನೋದಕ್ಕೊಂದು ಮಾತು ಬೇಕಲ್ವಾ? ಮೊದಲನೆಯದಕ್ಕೆ ಸುಮ್ನೆ ‘ಲೋ’ ಅಂತಲೇ ಇಟ್ಟುಕೊಳ್ಳಬಹುದೇನೋ. ಎರಡನೆಯದಕ್ಕೆ ಅಮ್ಮನೇ ಒಂದು ಮಾತು ಕಟ್ಟಿಕೊಂಡಿದ್ದಾರೆ: ‘ಬಾಣ ಮೂತಿ ಕೆಳಗೆ ಮಾಡಿದೆ.’

ನಿಮ್ಮ ಮನೆಗಳಲ್ಲಿ ಏನಂತೀರಿ? ಮಲೆನಾಡಿನ ಆಚೆ ‘ಜರಿ’ ಈ ಅರ್ಥದಲ್ಲಿ ಎಲ್ಲೆಲ್ಲಿ ಇದೆ? ನಿಮ್ಮಲ್ಲಿ ಯಾರಾದರೂ ಡಾಕ್ಟರ್, ನರ್ಸ್ ಇದ್ದರೆ, ರೋಗಿಗಳ ಬಾಯಲ್ಲಿ ಕೇಳಿದ ಮಾತನ್ನು ಇದ್ದ ಹಾಗೇ ಬರೆಯಿರಿ.